ಗಣಕದೊಳಗಿನ ದುಭಾಷಿ

‘ನುಡಿ’, ‘ಬರಹ’ ಮೊದಲಾದ ಕನ್ನಡ ತಂತ್ರಾಂಶಗಳು ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ರಚಿತವಾದುವು. ಲಿನಕ್ಸ್ ವ್ಯವಸ್ಥೆಯುಳ್ಳ ಗಣಕದಲ್ಲಿ ಅವು ತಾವಾಗಿ ನಡೆಯಲಾರವು. ಎರಡು ಗಣಕಗಳ ಪ್ರೊಸೆಸರ್ ಒಂದೇ ಜಾತಿಯದಾದರೂ ಹೀಗೇಕೆ?

ಇದನ್ನು ನಾವು ಒಂದು ಉಪಮೆಯಿಂದ ವಿಶದಪಡಿಸುತ್ತೇವೆ. ಹೆಗ್ಗಡದೇವನಕೋಟೆಯ ಬಡಗಿಯೊಬ್ಬನು ಬಾವಲಿಯ ಗಡಿ ದಾಟಿ ವಯನಾಡಿಗೆ ಕೆಲಸಕ್ಕೆ ಹೋದನೆನ್ನೋಣ. ಮರ ಕೊಯ್ಯಲು ಅವನಿಗೆ ಮಲಯಾಳ ಬೇಕಿಲ್ಲ; ಮರವನ್ನೂ ಮೊಳೆಯನ್ನೂ ಕೇಳಿ ಪಡೆಯಲು ಬೇಕು. ತಂತ್ರಾಂಶವೂ ಅಂತೆಯೇ. ಕೂಡುವ, ಕಳೆಯುವ, ಹೋಲಿಸುವ ಆದೇಶಗಳನ್ನು ಪ್ರೊಸೆಸರ್ ನೇರವಾಗಿ ನೆರವೇರಿಸುತ್ತದೆ. ಕಡತ ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು ಮಾತ್ರ ವ್ಯವಸ್ಥೆಯನ್ನು ಬೇಡಬೇಕು. ಬೇಡುವ ರೀತಿ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ.

1993ರಲ್ಲಿ ಆರಂಭವಾದ ‘ವೈನ್’ ಇಲ್ಲಿ ದುಭಾಷಿ. ವಿಂಡೋಸಿಗೆಂದು ಮಾಡಿದ ಬೇಡಿಕೆಯನ್ನು ಅದು ಲಿನಕ್ಸ್ ಅರಿಯುವಂತೆ ಮಾರ್ಪಡಿಸುತ್ತದೆ. ಉಳಿದ ಆದೇಶಗಳನ್ನು ಅನುವಾದಿಸಬೇಕಿಲ್ಲವಾದುದರಿಂದ ವೇಗವು ಅಷ್ಟಾಗಿ ಕುಂದದು. ಪ್ರೊಸೆಸರಿನ ಜಾತಿಯೇ ಬೇರೆಯಾದಲ್ಲಿ ಆ ಆದೇಶಗಳನ್ನೂ ಅನುವಾದಿಸಬೇಕು. ಆಗ ವೇಗ ತಗ್ಗುವುದು.

ದುಭಾಷಿಗೂ ಮಿತಿಯುಂಟು. ವೈನಿನೊಳಗೆ ನಡೆಯುವ ಕೀಲಿಮಣೆ ತಂತ್ರಾಂಶವು ಹೊರಗಿನ ಲಿನಕ್ಸ್ ತಂತ್ರಾಂಶಗಳಲ್ಲಿ ಕನ್ನಡ ಮೂಡಿಸಲಾರದು. ಇದಕ್ಕಿಂತಲೂ ಗಮನಿಸತಕ್ಕ ವಿಷಯವೊಂದಿದೆ. ಹಳೆಯ ನುಡಿ ಕಡತಗಳಲ್ಲಿರುವುದು ಅದರ ಫಾಂಟಿಗೆ ಮಾತ್ರ ಸಲ್ಲುವ ಸಂಕೇತಗಳು. ಆ ಫಾಂಟ್ ಇಲ್ಲದೆಡೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುವುವು. ತಂತ್ರಾಂಶ ನಡೆದ ಮಾತ್ರಕ್ಕೆ ಈ ದೋಷ ನೀಗದು. ಯೂನಿಕೋಡಿಗೆ ಪರಿವರ್ತಿಸಿದ ಬರಹವನ್ನಾದರೋ ಇಂದಿನ ಯಾವ ವ್ಯವಸ್ಥೆಯಲ್ಲಿಯೂ ಓದಬಹುದು. ಆದುದರಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ವಿದ್ಯಾರ್ಥಿಗಳು ಮನೆಯ, ಶಾಲೆಯ ಹಳೆಯ ಕಡತಗಳನ್ನು, ಅವನ್ನು ತೆರೆಯಬಲ್ಲ ಗಣಕವೊಂದು ಇರುವಾಗಲೇ, ಪರಿವರ್ತಿಸಿಡುವುದು ಲೇಸು.