ನಿಕಲ್ ಕಾರ್ಬೋನೇಟ್: ಗುಣಲಕ್ಷಣ, ಬಳಕೆ ಮತ್ತು ಖರೀದಿಯ ಎಚ್ಚರ

ನಿಕಲ್ ಲೇಪನ ಮಾಡುವ ಘಟಕಗಳು, ಸೆರಾಮಿಕ್ ಬಣ್ಣ ತಯಾರಕರು ಹಾಗೂ ವೇಗವರ್ಧಕಗಳ ಉತ್ಪಾದಕರು ಬಳಸುವ ರಾಸಾಯನಿಕಗಳಲ್ಲಿ ನಿಕಲ್ ಕಾರ್ಬೋನೇಟ್ ಒಂದು. ತಿಳಿಹಸಿರು ಬಣ್ಣದ ಈ ಪುಡಿ ನೀರಿನಲ್ಲಿ ಬಹುತೇಕ ಕರಗುವುದಿಲ್ಲ. ದುರ್ಬಲ ಆಮ್ಲದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ನೊರೆಯುಕ್ಕಿಸುತ್ತ ಕರಗುತ್ತದೆ. ಕಾಯಿಸಿದರೆ ನಿಕಲ್ ಆಕ್ಸೈಡ್ ಉಳಿಯುತ್ತದೆ.

ಈ ಒಂದೇ ಹೆಸರಿನಲ್ಲಿ ಭಿನ್ನ ಸಂಯುಕ್ತಗಳು ಮಾರಾಟವಾಗುತ್ತವೆ ಎಂಬುದನ್ನು ಖರೀದಿದಾರರು ಗಮನಿಸಬೇಕು. ಶುದ್ಧ ಕಾರ್ಬೋನೇಟಿನ ಅಣುತೂಕ ಸುಮಾರು 118.7, ಅದರಲ್ಲಿ ನಿಕಲ್‌ನ ಪಾಲು ಶೇ. 49ಕ್ಕಿಂತ ತುಸು ಹೆಚ್ಚು. ಆದರೆ ನಿಕಲ್ ಸಲ್ಫೇಟ್ ದ್ರಾವಣಕ್ಕೆ ಸೋಡಾ ಆಶ್ ಬೆರೆಸಿದಾಗ ದೊರೆಯುವುದು ಹೈಡ್ರಾಕ್ಸೈಡ್ ಮತ್ತು ನೀರು ಕೂಡಿದ ಪ್ರತ್ಯಾಮ್ಲೀಯ ಕಾರ್ಬೋನೇಟ್. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ಇದೇ. ತೇವಾಂಶ ಹೆಚ್ಚಿದಂತೆ ಲೋಹದ ಅಂಶ ಇಳಿಯುತ್ತದೆ. ಶೇ. 45ರ ಬದಲು ಶೇ. 40 ನಿಕಲ್ ಇರುವ 100 ಕೆ.ಜಿ. ಸರಕು ಕೊಂಡವನಿಗೆ 5 ಕೆ.ಜಿ. ಲೋಹ ನಷ್ಟ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ಬೆಲೆ ಟನ್ನಿಗೆ 1 ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ಇಂತಹ ಲೋಹದ ಲವಣವನ್ನು ಚೀಲದ ತೂಕವನ್ನಷ್ಟೇ ನೋಡಿ ಕೊಳ್ಳುವುದು ಜಾಣತನವಲ್ಲ. ದರವನ್ನು ನಿಕಲ್ ಅಂಶದ ಲೆಕ್ಕದಲ್ಲಿ ಕೇಳುವುದೇ ಸರಿ.

ಲೇಪನ ಉದ್ದಿಮೆಯಲ್ಲಿ ಇದರ ಮುಖ್ಯ ಕೆಲಸ ದ್ರಾವಣದ ಆಮ್ಲತೆಯನ್ನು ತಗ್ಗಿಸುವುದು. ನಿಕಲ್ ಸಲ್ಫೇಟ್, ನಿಕಲ್ ಕ್ಲೋರೈಡ್ ಹಾಗೂ ಬೋರಿಕ್ ಆಮ್ಲಗಳಿಂದ ಕೂಡಿದ, 1916ರಲ್ಲಿ ವಾಟ್ಸ್ ರೂಪಿಸಿದ ದ್ರಾವಣ ಇಂದಿಗೂ ಬಳಕೆಯಲ್ಲಿದೆ. ಅದರ ಪಿಎಚ್ ಮೌಲ್ಯ ಸಾಮಾನ್ಯವಾಗಿ 3.5ರಿಂದ 4.5ರ ಆಸುಪಾಸಿನಲ್ಲಿರಬೇಕು. ಆಮ್ಲ ಅತಿಯಾಗಿ ಬಿದ್ದಾಗ ಅಗ್ಗದ ಕಾಸ್ಟಿಕ್ ಸೋಡಾ ಸುರಿಯುವ ಆಸೆ ಸಹಜ. ಆದರೆ ಅದರಿಂದ ಸೋಡಿಯಂ ಲವಣ ದ್ರಾವಣದಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಕಾರ್ಬೋನೇಟ್ ಕರಗಿದರೆ ದ್ರಾವಣಕ್ಕೆ ಸೇರುವುದು ಬೇಕಾದ ನಿಕಲ್ ಮಾತ್ರ, ಅನಿಲ ಹೊರಹೋಗುತ್ತದೆ. ಕಬ್ಬಿಣದಂತಹ ಕಲ್ಮಶವನ್ನು ಬೇರ್ಪಡಿಸಲು ಪಿಎಚ್ ಅನ್ನು 5ರ ಮೇಲಕ್ಕೆ ಏರಿಸುವಾಗಲೂ ಇದನ್ನೇ ಬಳಸುವುದು ವಾಡಿಕೆ. ಪಿಎಚ್ ಏರಿದಂತೆ ಪುಡಿ ನಿಧಾನವಾಗಿ ಕರಗುವುದರಿಂದ ನೇರವಾಗಿ ಲೇಪನ ತೊಟ್ಟಿಗೆ ಹಾಕಬಾರದು. ನೀರಿನಲ್ಲಿ ಕದಡಿ, ಪ್ರತ್ಯೇಕ ತೊಟ್ಟಿಯಲ್ಲಿ ಬಿಸಿ ದ್ರಾವಣಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಿ, ಸೋಸಿದ ಬಳಿಕವೇ ಮರಳಿಸಬೇಕು. ಇಲ್ಲವಾದರೆ ಕರಗದ ಕಣಗಳು ಲೇಪನವನ್ನು ಒರಟಾಗಿಸುತ್ತವೆ. ಸರಕಿನಲ್ಲಿ ತಾಮ್ರ, ಸತುವುಗಳ ಅಂಶವಿದ್ದರೆ ಕಪ್ಪು ಛಾಯೆ ಮೂಡಬಹುದು. ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ಇವೆರಡನ್ನೂ ನೋಡಬೇಕು.

ನಿಕಲ್ ಅಸಿಟೇಟ್, ಸಲ್ಫಮೇಟ್ ಮುಂತಾದ ಲವಣಗಳ ತಯಾರಿಕೆಗೂ, ಎಣ್ಣೆಗಳ ಹೈಡ್ರೋಜನೀಕರಣಕ್ಕೆ ಬೇಕಾದ ವೇಗವರ್ಧಕಗಳಿಗೂ ಇದು ಕಚ್ಚಾವಸ್ತು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಕಲ್ ಸಂಯುಕ್ತಗಳನ್ನು 1990ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಪುಡಿಯ ಧೂಳು ಉಸಿರಿಗೆ ಸೇರದಂತೆ ಮುಖಗವಸು, ಕೈಗವಸು, ಗಾಳಿ ಹೊರಹಾಕುವ ವ್ಯವಸ್ಥೆ ಅಗತ್ಯ. ತೇವವಿರುವ ಮುದ್ದೆಯ ರೂಪದಲ್ಲಿ ಕೊಂಡರೆ ಧೂಳೇಳುವುದು ಕಡಿಮೆ. ಆಗ ತೂಕದಲ್ಲಿನ ನೀರನ್ನು ಕಳೆದು ಬೆಲೆ ಕಟ್ಟಬೇಕಷ್ಟೆ. ಸೋಸಿದ ಮೇಲೆ ಉಳಿಯುವ ಕೆಸರನ್ನು ಚರಂಡಿಗೆ ಬಿಡುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದನ್ನು ಬೇರೆಯಾಗಿಟ್ಟು ಅಧಿಕೃತ ವಿಲೇವಾರಿದಾರರಿಗೆ ಒಪ್ಪಿಸಬೇಕು.