ತಾಳ ಕಾಯ್ದವನು

ವಾದ್ಯಮೇಳವೊಂದು ನುಡಿಯುವಾಗ ಕೇಳುಗರ ಗಮನವೆಲ್ಲ ಮುಂದೆ ನಿಂತು ರಾಗ ನುಡಿಸುವವನ ಮೇಲಿರುತ್ತದೆ. ಹಿಂದೆ ಕುಳಿತು ತಾಳ ಕಾಯುವವನನ್ನು ನೆನೆಯುವವರು ವಿರಳ. ಆದರೆ ಅವನ ಕೈ ತಪ್ಪಿದರೆ ಮೇಳವೇ ಕುಸಿಯುತ್ತದೆ. ಹೀಗೆ ಹಿಂದೆ ಕುಳಿತೇ ಜಾಜ್ ಸಂಗೀತಕ್ಕೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ವಾರನ್ ಡಾಡ್ಸ್ ಒಬ್ಬನು.

ಡಾಡ್ಸ್ 1898ರ ಡಿಸೆಂಬರ್ 24ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಆಫ್ರಿಕನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದನು. ಆರು ಮಕ್ಕಳಲ್ಲಿ ಕಿರಿಯನಾದ್ದರಿಂದ ಅವನಿಗೆ 'ಬೇಬಿ' ಎಂಬ ಹೆಸರು ಬಂದಿತು. ಅದು ಕೊನೆಯವರೆಗೂ ಉಳಿಯಿತು. ಅಣ್ಣ ಜಾನಿ ಕ್ಲಾರಿನೆಟ್ ನುಡಿಸುತ್ತಿದ್ದನು. ತಮ್ಮನಿಗೆ ಡ್ರಮ್ಮಿನ ಹಂಬಲ. ಬಾಲಕನು ಕೊಬ್ಬು ತುಂಬುವ ತಗಡಿನ ಡಬ್ಬವೊಂದಕ್ಕೆ ತೂತುಗಳನ್ನು ಕೊರೆದು ಬೋರಲು ಹಾಕಿದನು. ತಾಯಿಯ ಕುರ್ಚಿಯ ಅಡ್ಡಗೋಲುಗಳನ್ನು ಕತ್ತರಿಸಿ ಬಡಿಯುವ ಕೋಲು ಮಾಡಿಕೊಂಡನು. ಮುಂದೆ ದುಡಿದು ಕೂಡಿಟ್ಟ ಹಣದಿಂದ ನಿಜವಾದ ವಾದ್ಯವನ್ನು ಒಂದೊಂದೇ ಭಾಗವಾಗಿ ಕೊಂಡನು.

ಆ ಊರಿನ ಬೀದಿಯೇ ಅವನಿಗೆ ಪಾಠಶಾಲೆ. ಅಲ್ಲಿ ಶವಯಾತ್ರೆಗೂ ವಾದ್ಯಮೇಳ ಹೋಗುತ್ತಿತ್ತು. ಸ್ಮಶಾನಕ್ಕೆ ಹೋಗುವಾಗ ಡ್ರಮ್ಮಿನ ದನಿಯನ್ನು ತಗ್ಗಿಸಿ ನಿಧಾನವಾಗಿ ನುಡಿಸುವರು. ಹಿಂದಿರುಗುವಾಗ ಅದೇ ಡ್ರಮ್ ಉಲ್ಲಾಸದಿಂದ ಮೊಳಗುವುದು. ಸಂದರ್ಭವನ್ನರಿತು ನುಡಿಸಬೇಕೆಂಬುದನ್ನು ಡಾಡ್ಸ್ ಹೀಗೆ ಕಲಿತನು.

1918ರಿಂದ 1921ರವರೆಗೆ ಅವನು ಮಿಸಿಸಿಪಿ ನದಿಯ ವಿಹಾರನೌಕೆಗಳಲ್ಲಿ ತರುಣ ಲೂಯಿ ಆರ್ಮ್‌ಸ್ಟ್ರಾಂಗನೊಡನೆ ನುಡಿಸಿದನು. ಅನಂತರ ಕಿಂಗ್ ಆಲಿವರನ ಮೇಳವನ್ನು ಸೇರಿ ಶಿಕಾಗೊ ನಗರದಲ್ಲಿ ನೆಲೆಸಿದನು. 1923ರಲ್ಲಿ ಆ ಮೇಳದ ಧ್ವನಿಮುದ್ರಣ ನಡೆಯಿತು. ಆಗ ಧ್ವನಿವರ್ಧಕವಿಲ್ಲ, ವಾದಕರು ದೊಡ್ಡ ಕಹಳೆಯೊಂದಕ್ಕೆ ಅಭಿಮುಖವಾಗಿ ನುಡಿಸಬೇಕು. ಆ ಶಬ್ದದ ಕಂಪನದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸೂಜಿ ಜಿಗಿದೀತೆಂಬ ಭಯ. ಆದುದರಿಂದ ಡಾಡ್ಸ್ ಹೆಚ್ಚಾಗಿ ಟೊಳ್ಳು ಮರದ ತುಂಡನ್ನು ತಟ್ಟಿ ತೃಪ್ತನಾಗಬೇಕಾಯಿತು. ಆ ಮುದ್ರಿಕೆಗಳಿಂದ ಮೇಳದ ಕೀರ್ತಿ ಹಬ್ಬಿತು. ಅವನ ಡ್ರಮ್ಮಿನ ನಿಜವಾದ ನಾದ ಮಾತ್ರ ಅವುಗಳಲ್ಲಿ ಉಳಿಯಲಿಲ್ಲ.

ಆದರೆ ಜೊತೆಗಾರರು ಅವನ ಬೆಲೆಯನ್ನು ಬಲ್ಲರು. ಪ್ರತಿಯೊಬ್ಬ ವಾದಕನ ಸ್ವಭಾವವನ್ನೂ ಅರಿತು, ಅವರವರಿಗೆ ಒಪ್ಪುವ ಬೇರೆ ಬೇರೆ ಬಗೆಯ ಆಸರೆಯನ್ನು ಅವನು ನೀಡುತ್ತಿದ್ದನು. ಬಾರಿಸುವುದಕ್ಕಿಂತ ಮೊದಲು ಕೇಳುವುದು ಅವನ ರೀತಿ.

1929ರ ಬಳಿಕ ಆರ್ಥಿಕ ಮುಗ್ಗಟ್ಟು ಬಂದಿತು. ಕೆಲಸ ವಿರಳವಾದಾಗ ಸೋದರರು ಟ್ಯಾಕ್ಸಿ ನಡೆಸಿ ಜೀವನ ಸಾಗಿಸಿದರು. ಸಂಗೀತದ ಅಭಿರುಚಿಯೂ ಬದಲಾಯಿತು. ಹಳೆಯ ಜಾಜ್ ಹಿಂದೆ ಬಿದ್ದಿತು. ಡಾಡ್ಸ್ ಮಾತ್ರ ತಾನು ಕಲಿತ ಶೈಲಿಯನ್ನು ಬಿಡಲಿಲ್ಲ. 1940ರ ದಶಕದಲ್ಲಿ ಹಳೆಯ ಜಾಜನ್ನು ಅರಸಿ ಹೊಸ ರಸಿಕರು ಬಂದರು. 1946ರಲ್ಲಿ ಅವನ ಡ್ರಮ್ ವಾದನವನ್ನೇ, ಅವನ ವಿವರಣೆಯೊಡನೆ, ಮುದ್ರಿಸಿಕೊಳ್ಳಲಾಯಿತು. ಅಂದು ಸೂಜಿಗೆ ಅಂಜಿ ಮರೆಯಾಗಿದ್ದ ನಾದವು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಜಗತ್ತಿಗೆ ಕೇಳಿಸಿತು.

1949ರಲ್ಲಿಯೂ 1950ರಲ್ಲಿಯೂ ಅವನಿಗೆ ಪಾರ್ಶ್ವವಾಯು ಬಡಿಯಿತು. ಆದರೂ ಕೈಲಾದಾಗಲೆಲ್ಲ ನುಡಿಸಿದನು. 1959ರ ಫೆಬ್ರವರಿ 14ರಂದು ಡಾಡ್ಸ್ ನಿಧನನಾದನು. ಅವನು ಹೇಳಿ ಬರೆಯಿಸಿದ ಆತ್ಮಕಥೆ ಅದೇ ವರ್ಷ ಪ್ರಕಟವಾಯಿತು.

ತನ್ನ ದನಿ ಜಗತ್ತಿಗೆ ಕೇಳಿಸದ ಕಾಲದಲ್ಲಿಯೂ ಡಾಡ್ಸ್ ತಾಳವನ್ನು ಸಡಿಲಿಸಲಿಲ್ಲ. ಕಾಣದಿದ್ದರೂ ಕಟ್ಟಡವನ್ನು ಹೊತ್ತು ನಿಲ್ಲುವುದು ತಳಹದಿಯೇ ಅಲ್ಲವೆ?