ತಮಾಷೆಯೆಂಬ ನೆಪ

ಶಾಲೆಯಿಂದ ಬಂದ ಮಗ ಪುಸ್ತಕದ ಚೀಲವನ್ನು ಮೂಲೆಗೆಸೆದು, ನಾಳೆಯ ಹೊಟ್ಟೆನೋವನ್ನು ಇಂದೇ ಹೇಳತೊಡಗಿದರೆ ನಾವು ಅದನ್ನು ಸೋಮಾರಿತನವೆಂದು ಭಾವಿಸುತ್ತೇವೆ. ಎಷ್ಟೋ ದಿನಗಳ ಬಳಿಕ ವಿಷಯ ಹೊರಬರುತ್ತದೆ. ತರಗತಿಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮೈಬಣ್ಣವೋ ತೊದಲು ಮಾತೋ ತಂದೆಯ ಕಸುಬೋ ಅವನ ಹೆಸರಾಗಿಬಿಟ್ಟಿದೆ. ಅವನ ಬುತ್ತಿಯನ್ನು ಅಡಗಿಸಿಡುತ್ತಾರೆ. ವಿಚಾರಿಸಿದರೆ ಎಲ್ಲರದ್ದೂ ಒಂದೇ ಉತ್ತರ: ‘ತಮಾಷೆಗೆ ಮಾಡಿದ್ದು.’

ಈ ಉತ್ತರ ಹೊಸತೇನೂ ಅಲ್ಲ. ಪ್ರವಾದಿವರ್ಯರ(ಸ) ಜೊತೆ ಪ್ರಯಾಣದಲ್ಲಿದ್ದಾಗ ಸಹಾಬಿಯೊಬ್ಬರು ನಿದ್ದೆಹೋದರು. ಕೆಲವರು ಅವರ ಬಳಿಯಿದ್ದ ಹಗ್ಗವನ್ನು ಮೆಲ್ಲನೆ ತೆಗೆದುಕೊಂಡರು. ಎಚ್ಚರವಾದಾಗ ಆತ ಗಾಬರಿಗೊಂಡರು. ಒಬ್ಬ ಮುಸ್ಲಿಮನನ್ನು ಹೆದರಿಸುವುದು ಇನ್ನೊಬ್ಬ ಮುಸ್ಲಿಮನಿಗೆ ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ಆಗ ಹೇಳಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಗಮನಿಸಿರಿ, ಅಲ್ಲಿ ಪೆಟ್ಟು ಬಿದ್ದಿರಲಿಲ್ಲ, ಏನೂ ನಷ್ಟವಾಗಿರಲಿಲ್ಲ. ತೆಗೆದವರ ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ. ಆದರೂ ತೀರ್ಪು ಬಂದದ್ದು ಗಾಬರಿಗೊಂಡವನ ಮನಸ್ಸನ್ನು ನೋಡಿ, ನಗುವವರ ಉದ್ದೇಶವನ್ನು ನೋಡಿಯಲ್ಲ. ಹಾಗಾದರೆ ಒಬ್ಬ ಬಾಲಕನನ್ನು ವರ್ಷವಿಡೀ ಹೆದರಿಸುವುದನ್ನು ಏನೆನ್ನಬೇಕು? ಆ ಬಾಲಕ ಯಾವ ಧರ್ಮದವನಾದರೂ ಅನ್ಯಾಯ ಅನ್ಯಾಯವೇ.

ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತವು ಪರಿಹಾಸ್ಯ, ನಿಂದೆ, ಅಡ್ಡ ಹೆಸರು ಮೂರನ್ನೂ ನಿಷೇಧಿಸಿದೆ. ಹಾಸ್ಯಕ್ಕೊಳಗಾದವರು ಹಾಸ್ಯ ಮಾಡಿದವರಿಗಿಂತ ಉತ್ತಮರಾಗಿರಬಹುದು ಎಂಬುದೇ ಅಲ್ಲಿ ಕೊಡಲಾದ ಕಾರಣ. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್‌ರ(ರ) ಸಪೂರ ಕಾಲುಗಳನ್ನು ಕಂಡು ಜನರು ನಕ್ಕಾಗ, ಆ ಕಾಲುಗಳು ತಕ್ಕಡಿಯಲ್ಲಿ ಉಹುದ್ ಪರ್ವತಕ್ಕಿಂತ ಭಾರವಾಗಿವೆಯೆಂದು ಪ್ರವಾದಿವರ್ಯರು(ಸ) ಹೇಳಿದ್ದರು.

ಪೀಡನೆಗೊಳಗಾದ ಮಗುವಿಗೆ ‘ನೀನೂ ಎರಡು ಕೊಡು’ ಎನ್ನುವುದು ಸುಲಭ. ಅದರಿಂದ ಜಗಳ ದೊಡ್ಡದಾಗುತ್ತದೆಯೇ ಹೊರತು ಭಯ ಹೋಗುವುದಿಲ್ಲ. ಮೊದಲು ಅದರ ಮಾತನ್ನು ಪೂರ್ತಿ ಕೇಳಬೇಕು. ಯಾವ ದಿನ, ಎಲ್ಲಿ, ಯಾರು ಎಂಬುದನ್ನು ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಅಲ್ಲಿ ಪ್ರಯೋಜನವಾಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಕಷ್ಟದ ವಿಷಯ ಬೇರೆಯೇ ಇದೆ. ಪೀಡಿಸುವವನು ನಮ್ಮ ಮಗನೇ ಆಗಿದ್ದರೆ? ಹೆಚ್ಚಿನ ಹೆತ್ತವರು ಅವನ ವಕೀಲರಾಗಿಬಿಡುತ್ತಾರೆ. ಅಕ್ರಮಿಯಾದ ಸಹೋದರನಿಗೂ ಸಹಾಯ ಮಾಡಬೇಕೆಂದೂ, ಅವನನ್ನು ಅಕ್ರಮದಿಂದ ತಡೆಯುವುದೇ ಆ ಸಹಾಯವೆಂದೂ ಕಲಿಸಿದ ಹದೀಸ್ (ಬುಖಾರಿ) ನಮ್ಮ ಮನೆಯೊಳಗೆ ಪರೀಕ್ಷೆಗೊಳಗಾಗುವುದು ಆಗಲೇ. ಅವನು ಆ ಅಡ್ಡ ಹೆಸರನ್ನು ಎಲ್ಲಿಂದ ಕಲಿತ ಎಂಬುದನ್ನೂ ವಿಚಾರಿಸೋಣ. ನಮ್ಮ ಊಟದ ಹೊತ್ತಿನ ಮಾತುಕತೆಯಿಂದಲೇ ಇರಬಹುದು.

ಹಝ್ರತ್ ಅಬೂಝರ್(ರ) ಒಮ್ಮೆ ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದ್ದರು. ಅವರಲ್ಲಿ ಇನ್ನೂ ಅಜ್ಞಾನಕಾಲದ ಗುಣವಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಡುವುದನ್ನೇ ಅವರಿಗೂ ಉಡಿಸಿರಿ ಎಂದೂ ಬೋಧಿಸಿದರು. ಮುಂದೆ ರಬದಃ ಎಂಬಲ್ಲಿ ಅವರನ್ನು ಕಂಡವರೊಬ್ಬರಿಗೆ ಆಶ್ಚರ್ಯವಾಯಿತು. ಅಬೂಝರ್‌ರ(ರ) ಮೈಮೇಲೂ ಅವರ ಸೇವಕನ ಮೈಮೇಲೂ ಒಂದೇ ತರದ ಉಡುಪಿತ್ತು. ಕಾರಣ ಕೇಳಿದಾಗ ತಮ್ಮ ಆ ಹಳೆಯ ತಪ್ಪನ್ನು ಅವರು ತಾವಾಗಿಯೇ ಹೇಳಿಕೊಂಡರು.